ಹಾಯಿದೋಣಿಗೆ ಒಂದು ಚೀಲ ಸಕ್ರಿ

ದೋಣಿ ಹತ್ತಿದ ಮೊದಲನೇ ದಿನಾನ ನಾ ಅಂಗಾತ ಬಿದ್ದೆ. ಅಳತಿ ಟೇಪು ಒಂದ್ ಕಡಿ ಹಾರಿತು, ಚಪ್ಪಲಿ ಒಂದ್ ಕಡಿ. ದೋಣಿ ನೀರಾಗ ಸೈತ ಇರಲಿಲ್ಲ. ಬೀಳಗಿ ತಾಲೂಕಿನ ಒಂದು ಹಳ್ಳಿಯೊಳಗ, ಕೃಷ್ಣಾ ಹಿನ್ನೀರಿನ ದಂಡಿಗೆ, ಆರು ಕಬ್ಬಿಣದ ಸ್ಟ್ಯಾಂಡಿನ ಮ್ಯಾಲ ಒಣ ನೆಲದಾಗ ನಿಂತಿತ್ತು. ಮಾಲಕರು ಬರೇ ಒಂದು ತಂಬಿಗಿ ನೀರು ಸುರುವಿ "ಈಗ ನಡದ ನೋಡವಾ ತಂಗಿ" ಅಂದಿದ್ರು. ನಡದ ನೋಡಿದೆ. ಕೆಳಗ ನಿಂತಿದ್ದ ನಮ್ಮತ್ತಿ, "ಅಯ್ಯ, ಬಣ್ಣಾ ಹಚ್ಚಾಕಂತ ಕರಕೊಂಡ್ ಬಂದ್ರ ಮಕ್ಕೊಂಡಾಳ ನೋಡ್ರಿ!" ಅಂತ ಹೊಟ್ಟಿ ಹಿಡಕೊಂಡು ನಕ್ಕರು.

ನಾವು ಬನಹಟ್ಟಿಯ ನೇಕಾರರು. ಮನ್ಯಾಗಿನ ಮಗ್ಗಾ ಮೈದುನಗ ಬಿಟ್ಟು, ನಾನೂ ನಮ್ಮನಿಯವ್ರೂ ಬಣ್ಣದ ಕೆಲಸಕ್ಕ ಇಳದವ್ರು. ಗೋಡಿ ಬಣ್ಣ ಅಲ್ಲ ಮತ್ತ. ಎರಡು ಡಬ್ಬಿ ಕೂಡಿಸಿ ಕಲಸಿ, ಅದು ಕಲ್ಲಾಗೂದ್ರೊಳಗ ನೆಲಕ್ಕ ಹಚ್ಚಿ ಮುಗಸಬೇಕಾದ ಬಣ್ಣ. ಜಮಖಂಡಿ, ಮುಧೋಳ ಕಡಿ ಸಕ್ರಿ ಗೋದಾಮಿನ ನೆಲಾ ಮಾಡೋದು ನನ್ನ ಕಸಬು. ಕೆಲಸಾ ಊರ ಹೊರಗಿದ್ರ ಅಡಗಿಗಂತ ಅತ್ತಿ ಬರ್ತಾರ. ಅಡಗಿ ಮಾಡ್ತಾರ ಖರೆ, ಅದಕ್ಕಿಂತ ಹೆಚ್ಚು ನನ್ನ ಕೆಲಸಾ ನೋಡ್ಕೋತ ಕುಂದರ್ತಾರ.

ದೋಣಿ ಮಾಲಕರು ನೌಕಾದಳದಾಗ ದುಡದು ನಿವೃತ್ತಿ ಆದವ್ರು. ಊರ ಮಂದಿ ನೇವಿ ಕಾಕಾ ಅಂತಾರ, ನಾನೂ ಹಂಗ ಕರದೆ. ಕರಾವಳಿಂದ ಹಳೇ ಫೈಬರ್ ಹಾಯಿದೋಣಿ ಒಂದನ್ನ ಲಾರಿ ಮ್ಯಾಲ ತರಿಸಿ, ಹಿನ್ನೀರಾಗ ಬಂದವ್ರಿಗೆಲ್ಲಾ ಹಾಯಿ ಏರಸೋದು, ಗಾಳಿ ಹಿಡಿಯೋದು ಕಲಸ್ತಿದ್ರು. ಆದ್ರ ಅದರ ಡೆಕ್ಕು, ಅಂದ್ರ ಮಂದಿ ನಿಂತು ಓಡಾಡೋ ಮ್ಯಾಲಿನ ನೆಲ, ಸವದು ಸವದು ಸಾಬಾಣ ಬಿದ್ದ ಬಚ್ಚಲಗಲ್ಲಿನಂಗ ಆಗಿತ್ತು. ತಪಾಸಣಿಗೆ ಬಂದಿದ್ದ ಸಾಹೇಬ್ರು ಜಾರಿ ಕುಂತು, ಎದ್ದು ಪ್ಯಾಂಟ್ ಜಾಡಿಸಿ, "ಡೆಕ್ ಸರಿ ಆಗೂತನಕ ಮಂದೀನ್ನ ಹತ್ತಿಸಬ್ಯಾಡ್ರಿ" ಅಂತ ಬರದು ಹದಿನೈದು ದಿನದ ವಾಯಿದೆ ಕೊಟ್ಟು ಹೋಗಿದ್ರು. ಆ ದಿನಾನೂ ಪಾಸಾಗಲಿಲ್ಲ ಅಂದ್ರ ಪರವಾನಗಿ ರದ್ದು. ರಸ್ತಾ ಮ್ಯಾಲಿನ ಹೋಟೆಲ್ ಮಾಲಕರೊಬ್ರು ಆಗ್ಲೇ ಕೇಳಿ ಇಟ್ಟಿದ್ರಂತ: ದೋಣಿ ನಮಗ ಕೊಡ್ರಿ, ಬಾಗಲ ಮುಂದ ನಿಲ್ಲಿಸಿ, ಮಣ್ಣು ತುಂಬಿ ಹೂವಿನ ಗಿಡಾ ಹಚ್ಚತೇವಿ.

"ಮಣ್ಣು ತುಂಬ್ತಾರಂತವಾ ತಂಗಿ," ಕಾಕಾ ಅಂದ್ರು. "ಅರ್ಧಾ ಆಯುಷ್ಯ ಸಮುದ್ರದಾಗ ಕಳದೇನಿ. ದೋಣಿಯೊಳಗ ನೀರು ತುಂಬಿದ್ದು ನೋಡೇನಿ, ಮಣ್ಣು ತುಂಬೋದು ಕೇಳಿಲ್ಲ."

ಅವ್ರ ಎಡಗಾಲ ಮೊಣಕಾಲು ಬಲಾ ಕಳಕೊಂಡಿತ್ತು. ಜಾರೋ ಡೆಕ್ಕಿನ ಮ್ಯಾಲ ದೋಣಿಯ ಮುಂದಿನ ಚೂಪು ತುದಿ, ಅದರ ಮೂತಿತನಕ ನಿಂತು ಹೋಗಾಕ ಆಗದ, ಎರಡು ವರ್ಷದಿಂದ ಕುಂತು ಕುಂತು ಸರಕೋತ ಹೋಗ್ತಿದ್ರು. ಕೂಸಿನಂಗ ಸರಿಯೋದು ನೋಡಿ ಕಲಿಯಾಕ ಬಂದವ್ರು ಮಾರಿ ತಿರುಗಸ್ತಾರ ಅಂತ ಹೇಳುವಾಗ ಅವ್ರ ದನಿ ಸಣ್ಣದಾತು. ನನಗ ತಡಕೊಳ್ಳಾಕ ಆಗಲಿಲ್ಲ. "ಹದಿನೈದು ದಿನ ಯಾಕ್ರೀ ಕಾಕಾ, ಹತ್ತು ದಿನದಾಗ ಮಾಡಿ ಕೊಡ್ತೇನಿ. ಗೋದಾಮಿಗೆ ಗೋದಾಮು ನೆಲಾ ಮಾಡಿದಾಕಿಗೆ ಇದೊಂದು ಅಂಗಳ" ಅಂದೆ. ಆ ಮಾತು ನೆನಪಾದ್ರ ಇವತ್ತಿಗೂ ಕಿವಿ ಬಿಸಿ ಆಕ್ಕಾವು.

ದೀಪಾವಳಿ ಮುಗದಿತ್ತು, ಹಿನ್ನೀರು ತುಂಬಿ ನಿಂತಿತ್ತು. ಮೊದಲ ಡೆಕ್ಕಿನ ಮ್ಯಾಲಿನ ಸಾಮಾನು ಬಿಚ್ಚಿದ್ವಿ: ಹಗ್ಗಾ ಸುತ್ತೋ ಗೂಟ, ಹಗ್ಗಾ ಹಾಯಿಸೋ ಬಳಿ, ರಾಟಿ. ಒಂದೊಂದಕ್ಕೂ ನಂಬರ್ ಬರದು ಕಾಗದದಾಗ ಸುತ್ತಿ ಇಟ್ವಿ. ಆಮ್ಯಾಲ ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣು ಗೇಣಿಗೂ ಬಡದು ನೋಡಿದೆ. ಗಟ್ಟಿ ಇದ್ದಲ್ಲಿ ಟಣ್ ಅಂತಿತ್ತು. ಮೂರು ಕಡಿ ಡಬ್ ಅಂತು. ಗೂಟದ ತೂತಿನಿಂದ ನೀರಿಳದು ಒಳಗಿನ ಕಟಗಿ ಕೊಳತಿತ್ತು. ಅಷ್ಟನ್ನ ಕೊರದು ತಗದು, ಎರಡು ದಿನ ಬಿಸಲಿಗೆ ಒಣಗಿಸಿ, ಪುಟ್ಟಿಯಂಥ ಗಟ್ಟಿ ಲಪ್ಪ ತುಂಬಿದ್ವಿ. ಅದು ಒಣಗೂತನಕ ಉಳದ ಜಾಗಾ ಸಾಬಾಣಿನ ನೀರಿಲೆ ತೊಳದು, ಎಣ್ಣಿ ಜಿಡ್ಡು ಹೋಗಾಕ ಥಿನ್ನರಿನ ಅರಿವಿಲೆ ಒರಸಿದ್ವಿ. ಒಂದ್ ಸಲ ಒರಸಿದ ಅರಿವಿ ಮತ್ತೊಂದ್ ಸಲ ಮುಟ್ಟಂಗಿಲ್ಲ, ಮುಟ್ಟಿದ್ರ ಜಿಡ್ಡು ತಿರುಗಿ ಹರಡತೈತಿ. ಬನಹಟ್ಟಿಯವ್ರಿಗೆ ಅರಿವಿಗೇನು ಬರಾ? ಎರಡು ಗಂಟು ತಂದಿದ್ವಿ.

ಆಮ್ಯಾಲ ಮಶಿನ್ನಿಲೆ ತಿಕ್ಕೋದು. ಅಂಚಿಗುಂಟ ನೀರು ಹರದು ಹೋಗಾಕ ಎರಡು ಬಟ್ಟಿನಷ್ಟು ಅಗಲ ನುಣ್ಣಗ ಬಿಟ್ಟು ಟೇಪ್ ಹಚ್ಚಿದ್ವಿ. ಮೂಲಿಗೆ ಚೌಕ ಬಿಟ್ರ ಅಲ್ಲಿಂದ ಬಣ್ಣಾ ಏಳತೈತಿ ಅಂತ, ಚಾದ ಗ್ಲಾಸ್ ಬೋರಲ ಹಾಕಿ ಗೆರಿ ಎಳದು ಟೇಪಿನ ಮೂಲಿ ದುಂಡಗ ಕತ್ತರಿಸಿದೆ. ಒಂದು ಕೋಟ್ ಪ್ರೈಮರ್ ಹಚ್ಚಿದ್ವಿ. ಇಲ್ಲೀತನಕ ಎಲ್ಲಾ ಛಲೋ.

ತಪ್ಪು ಮುಂದ ಮಾಡಿದೆ. ಗೋದಾಮಿನ್ಯಾಗ ಮಾಡೋದನ್ನ ಕಣ್ಣ ಮುಚ್ಚಿ ಇಲ್ಲೀನೂ ಮಾಡಿದೆ. ಚಿಕ್ಕಪಡಸಲಗಿ ಕಡಿಂದ ಹೊಳಿ ಉಸುಕು ತರಿಸಿ, ನೀರು ತಿಳಿ ಆಗೂತನಕ ತೊಳದು, ಒಣಗಿಸಿ, ಸಾಣಿಸಿ, ಹಸೀ ಬಣ್ಣದ ಮ್ಯಾಲ ತೂರಿ ಮತ್ತೊಂದು ಕೋಟ್ ಬಣ್ಣಾ ಎಳದೆ. ಎಂಟನೇ ದಿನ ಮುಂಜಾನೆ ನೋಡಿದ್ರ ನೆಲಾ ಅಂದ್ರ ನೆಲಾ! ನಾಕು ಕೊಡ ನೀರು ಸುರುವಿ ನಡದೆ, ಓಡಿದೆ, ಕುಣದೂ ಬಿಟ್ಟೆ. ಎಲ್ಲೂ ಜಾರಲಿಲ್ಲ. "ಏಳು ದಿನ ಮದ್ಲ ಮುಗೀತು ನೋಡ್ರಿ ಕಾಕಾ" ಅಂತ ಎದಿ ಉಬ್ಬಿಸಿ ಕರದೆ.

ಕಾಕಾ ಬರಿಗಾಲಿಲೆ ಹತ್ತಿದ್ರು. ರೂಢಿ ಪ್ರಕಾರ ಮೊಣಕಾಲೂರಿ ಹಗ್ಗದ ತೂತು ನೋಡಿ, ಕುಂತು ಒಂದ್ ಮಾರು ಸರದು, ಎದ್ದು ನಿಂತ್ರು. ಪೈಜಾಮಾ ಹರದಿತ್ತು. ಮೊಣಕಾಲಿನ ಮ್ಯಾಲ ರಕ್ತದ ಹನಿ ಸಾಲಾಗಿ ಕುಂತಿದ್ವು. ದೊಡ್ಡ ಮನಷ್ಯಾ. "ಗಟ್ಟಿ ಆಗೇತಿ ತಂಗಿ, ಭಾಳ ಗಟ್ಟಿ ಆಗೇತಿ" ಅಂದು ಹೆಗಲ ಮ್ಯಾಲಿನ ಟವೆಲ್ಲಿನ ಚುಂಗಿಲೆ ರಕ್ತ ಒರಸಿಕೊಂಡ್ರು.

ಅಷ್ಟಕ್ಕ ನಿಲ್ಲಲಿಲ್ಲ. ಹಾಯಿ ಅರಿವಿ ಮಡಚಿ ಇಡಾಕ ನಮ್ಮನಿಯವ್ರು ಅದನ್ನ ಡೆಕ್ಕಿನ ಮ್ಯಾಲ ಎಳದ್ರು. ಅತ್ತಿ ಕೆಳಗಿಂದ "ನಿಲ್ಲೋ, ನಿಲ್ಲೋ!" ಅಂತ ಒದರಿದ್ರು. ಹಾಯಿಯ ತುದಿ ಕೈಯಾಗ ಹಿಡದು, ಬಿಸಲಿಗೆ ಎತ್ತಿ ನೋಡಿ, ಹೆಬ್ಬಟ್ಟಿಲೆ ಸವರಿದ್ರು. ಐವತ್ತು ವರ್ಷ ಸೀರಿ ನೋಡಿದ ಕೈ ಅದು. "ನೂಲು ಎದ್ದೇತಿ. ಇನ್ನ ನಾಕ್ ಸಲ ಹಿಂಗ ಎಳದ್ರ ಜಾಳಾಗಿ ಹೊಕ್ಕೈತಿ. ಇದೇನ್ ನೆಲಾನ, ತುರಿಯೋ ಮಣಿನ?"

ನನಗ ಸಿಟ್ಟು ನೆತ್ತಿಗೇರಿತು. "ಜಾರಂಗಿಲ್ಲಲ್ರೀ! ಸಾಹೇಬ್ರಿಗೆ ಬೇಕಾಗಿದ್ದು ಅದ. ಬೂಟು ಹಾಕ್ಕೊಂಡ್ ಬರ್ತಾರ, ನಡೀತಾರ, ಪಾಸ್ ಮಾಡಿ ಹೋಗ್ತಾರ. ಮತ್ತೇನ್ ಬೇಕು ನಿಮಗ?"

"ಹೌದವಾ, ಪಾಸ್ ಅಂತೂ ಆಕ್ಕೈತಿ. ಇರಲಿ ಬಿಡ್ರಿ" ಅಂದ್ರು ಕಾಕಾ. ಅವ್ರು ಬೈದಿದ್ರ ನಾ ಜಗಳಾ ಆಡತಿದ್ದೆ. ಇರಲಿ ಬಿಡ್ರಿ ಅಂದಿದ್ದಕ್ಕ ಏಣಿ ಇಳದು ಡಬ್ಬಿ ತೊಳಿಯಾಕ ಹೋದೆ. ಅವತ್ತು ರಾತ್ರಿ ಮಲಗಿದಲ್ಲೇ ವಿಚಾರ ಮಾಡಿದೆ. ಗೋದಾಮಿನ್ಯಾಗ ಟ್ರಾಲಿ ಓಡಾಡತಾವು, ಬೂಟು ಓಡಾಡತಾವು. ದೋಣಿಯೊಳಗ ಮನಷ್ಯಾ ಕುಂದರ್ತಾನ, ಮೊಣಕಾಲೂರ್ತಾನ, ಒಮ್ಮೊಮ್ಮೆ ಬೋರಲ ಮಲಗಿ ಹಗ್ಗಾ ಹಿಡೀತಾನ. ನಾ ಕಾಕಾನ ಸಲುವಾಗಿ ನೆಲಾ ಮಾಡಿರಲಿಲ್ಲ, ಸಾಹೇಬ್ರ ಬೂಟಿನ ಸಲುವಾಗಿ ಮಾಡಿದ್ದೆ.

ಮರದಿನ ಮುಂಜಾನೆ ಎದ್ದಾಕಿನ "ಎಲ್ಲಾ ತಿಕ್ಕಿ ತಗೀತೇನಿ" ಅಂದೆ.

ನಮ್ಮನಿಯವ್ರು ಚಾದ ಕಪ್ ಕೆಳಗಿಟ್ರು. "ತಲಿ ಕೆಟ್ಟೇತೇನ ನಿನಗ? ಆಗಿದ್ದ ಕೆಲಸಾ! ಉಳದಿದ್ದು ಆರು ದಿನ. ತಗದು ಏನ್ ಹಾಕ್ತಿ?"

"ಗೊತ್ತಿಲ್ಲ. ಮೊದ್ಲ ತಗೀತೇನಿ."

ಎರಡು ದಿನ ಮಶಿನ್ ಹೊಡದ್ವಿ. ನಾ ಗಟ್ಟಿ ಮಾಡಿದ ಉಸುಕು ಹಾಳೆಗಟ್ಟಲೆ ಉಸುಕಿನ ಕಾಗದಾ ತಿಂದು ತಿಂದು ಎದ್ದಿತು. ಮೂಗು, ಕಿವಿ, ರೆಪ್ಪಿ ಎಲ್ಲಾ ಧೂಳು. ಅತ್ತಿ ಮಾತಾಡದ, ಹೊತ್ತಿಗೆ ಸರಿಯಾಗಿ ಚಾ ತಂದು ಕೊಡತಿದ್ರು. ಆಕಿ ಮಾತಾಡಲಿಲ್ಲ ಅಂದ್ರ ನನ್ನ ಬಗ್ಗೆ ಕನಿಕರ ಹುಟ್ಟೇತಿ ಅಂತ ಅರ್ಥ.

ಎರಡನೇ ದಿನ ಸಂಜಿಮುಂದ ಚಾಕ್ಕ ಸಕ್ರಿ ಹಾಕುವಾಗ ಚಮಚಾ ತುಳುಕಿ ಸಕ್ರಿ ಚೆಲ್ಲಿತು. ನನಗ ಒಮ್ಮಿಗೆ ಮುಧೋಳ ಕಡಿಯ ಗೋದಾಮು ನೆನಪಾತು. ನಾ ಹಸೀ ನೆಲಾ ಬಿಟ್ಟು ಊಟಕ್ಕ ಹೋದಾಗ, ಅಲ್ಲಿ ಒಂದು ಚೀಲ ಒಡದು ಬಣ್ಣದ ಮ್ಯಾಲ ಸಕ್ರಿ ಸುರದಿತ್ತು. ಬಣ್ಣಾ ಒಣಗಿದ ಮ್ಯಾಲ ನೀರು ಹೊಡದ್ರ ಸಕ್ರಿ ಕರಗಿಹೋತು, ಜಾಗಾದ ತುಂಬ ಸಣ್ಣ ಸಣ್ಣ ಕುಣಿ ಉಳದ್ವು. ನನಗ ಸಿಕ್ಕಾಪಟ್ಟೆ ಬೈಗಳಾದ್ವು. ಆದ್ರ ಹಮಾಲರು ಮಳಿಗಾಲದಾಗ ಹಸೀ ಕಾಲಿಲೆ ಚೀಲಾ ಹೊತ್ತು ಬಂದು ಆ ಮೂಲ್ಯಾಗ ನಿಂತು ತಿರುಗತಿದ್ರು. ಯಾಕ್ರೀ ಅಂದ್ರ, "ಇಲ್ಲಿ ಕಾಲು ಜಾರಂಗಿಲ್ಲಕ್ಕಾ, ಚುಚ್ಚಂಗೂ ಇಲ್ಲ" ಅಂತಿದ್ರು. ಎರಡು ವರ್ಷ ನಾ ಅದನ್ನ ನನ್ನ ತಪ್ಪು ಅಂತ ಮುಚ್ಚಿಡಾಕತ್ತಿದ್ದೆ!

ಬೀಳಗಿ ಪ್ಯಾಟಿಗೆ ಓಡಿ ಇಪ್ಪತ್ತೈದು ಕಿಲೋದ ಚೀಲ ಎತ್ತಿಸಿದೆ. ಕಿರಾಣಿ ಅಂಗಡಿಯವ್ರು "ಮನ್ಯಾಗ ಮದಿವಿ ಏನ್ರಿ ಅಕ್ಕಾರ?" ಅಂದ್ರು. "ದೋಣಿದು ಐತ್ರಿ" ಅಂದೆ. ಅವ್ರು ಹೌದ್ರಿ ಅಂತ ಗೋಣು ಹಾಕಿ ಚೀಲಾ ಕಟ್ಟಿಕೊಟ್ರು.

ಮದಲ ಪ್ಲೈವುಡ್ ತುಂಡಿನ ಮ್ಯಾಲ ಹಚ್ಚಿ, ಲಗೂ ಗಟ್ಟಿಯಾಗಲಿ ಅಂತ ಬಿಸಲಿಗಿಟ್ಟು ನೋಡಿದ್ವಿ. ಕೆಟ್ಟಿತು. ಬಣ್ಣಾ ಹಚ್ಚಿ ಮುಗಿಸಿ, ಸಾಣಿಗಿ ಹುಡಕಿ, ಸಕ್ರಿ ಉದುರಸೂದ್ರೊಳಗ ಮ್ಯಾಲ ಕೆನಿ ಕಟ್ಟಿತ್ತು. ಸಕ್ರಿ ಒಳಗ ಇಳೀಲಿಲ್ಲ, ತೊಳದ್ರ ಬರೇ ನುಣುಪು. ಎರಡನೇ ತುಂಡಿನ ಮ್ಯಾಲ ಹಚ್ಚಿದ ಕೂಡಲೇ ಉದುರಿಸಿದೆ. ಕುಣಿ ಬಿದ್ವು, ಆದ್ರ ನಾ ನಿಂತು ನಿಂತು ಹಚ್ಚಿದ್ದಕ್ಕ ನಡುನಡುವ ಪಟ್ಟಿ ಮೂಡಿದ್ವು. ಹೊತ್ತೂ ಸಣ್ಣದು: ಎಂಟರತನಕ ಡೆಕ್ಕಿನ ಮ್ಯಾಲ ಇಬ್ಬನಿ, ಹತ್ತೂವರಿ ದಾಟಿದ್ರ ಬಿಸಲಿಗೆ ಡಬ್ಬ್ಯಾಗ ಬಣ್ಣಾ ಕುದ್ದಂಗ ಆಗಿ ಕಲ್ಲಾಗತೈತಿ. ಇಡೀ ದೋಣಿ ಆ ನಡುವಿನ ಹೊತ್ತಿನ್ಯಾಗ, ಎಲ್ಲೂ ನಿಲ್ಲದಂಗ ಮುಗೀಬೇಕು. ನಾನೂ ನಮ್ಮನಿಯವ್ರೂ ಒಬ್ರ ಮಾರಿ ಒಬ್ರು ನೋಡಿದ್ವಿ.

ಅತ್ತಿ ಪಟ್ಟಿ ಬಿದ್ದ ತುಂಡು ಕೈಯಾಗ ಹಿಡದು, "ಹಾಸಿಗೆ ಗಂಜಿ ಹಚ್ಚಿದ್ದು ಮರತೀರೇನ?" ಅಂದ್ರು.

ಹಾಸು ಅಂದ್ರ ಮಗ್ಗಕ್ಕ ಏರಸೋ ಉದ್ದನ ನೂಲು. ಮೊದಲ ನಮ್ಮ ಓಣ್ಯಾಗ ಮುಂಜಾನೆ ಅದನ್ನ ಬೀದಿಗುಂಟ ಬಿಗದು ಕಟ್ಟಿ ಗಂಜಿ ಹಚ್ಚತಿದ್ರು. ಆ ಕಡಿಗೊಬ್ರು, ಈ ಕಡಿಗೊಬ್ರು, ಕುಂಚ ಹಿಡದು ಜೋಡಿಲೆ ನಡಿಯೋದು. ಒಬ್ರು ಮುಂದಾಗಂಗಿಲ್ಲ, ಒಬ್ರು ಹಿಂದಾಗಂಗಿಲ್ಲ. ನಡುವ ನಿಂತ್ರ ಗಂಜಿ ಒಣಗಿ, ಆ ಕಲಿ ಸೀರಿಯಾದ ಮ್ಯಾಲೂ ಹೋಗಂಗಿಲ್ಲ. ಮದಿವಿ ಆಗಿ ಬಂದ ಹೊಸದಾಗಿ ನಾ ಒಮ್ಮೆ ಕೆಮ್ಮಾಕ ನಿಂತಿದ್ದಕ್ಕ ಇದ ಅತ್ತಿ ಎರಡು ದಿನ ಮಾತು ಬಿಟ್ಟಿದ್ರು. ಅವತ್ತಿನ ಸಿಟ್ಟೆಲ್ಲಾ ಇವತ್ತಿಗೆ ಉಪಯೋಗಕ್ಕ ಬಂತು.

ಮರದಿನ ಅತ್ತಿದ ರಾಜ್ಯ. ಬನಹಟ್ಟಿಯಿಂದ ತಂದಿದ್ದ ಕೋರಾ ಬಟ್ಟಿ ದೋಣಿ ಮ್ಯಾಲ ಚಪ್ಪರದಂಗ ಕಟ್ಟಿಸಿ ನೆರಳು ಮಾಡಿಸಿದ್ರು. ಸಕ್ರಿ ಮೂರು ಸಾಣಿಗ್ಯಾಗ ಮೊದ್ಲ ತುಂಬಿ ಸಾಲಾಗಿ ಇಟ್ಟಿದ್ರು. ಬಣ್ಣಾ ಕೂಡಸೋ ಕೆಲಸಾ ಕಾಕಾಂದು: ಒಮ್ಮಿಗೆ ಸಣ್ಣ ಡಬ್ಬಿಯಷ್ಟ, ಮುಗೀತಿದ್ದಂಗ ಮುಂದಿನದು. ಇಬ್ಬನಿ ಆರೇತಿ ಅಂತ ಅಂಗೈ ಒತ್ತಿ ನೋಡಿದ್ರು ಅತ್ತಿ, "ಹೂಂ" ಅಂದ್ರು. ಮೂತಿ ಕಡಿಂದ ಸುರು. ಎಡಕ್ಕ ನಮ್ಮನಿಯವ್ರು, ಬಲಕ್ಕ ನಾನು, ಇಬ್ರೂ ರೋಲರ್ ಹಿಡದು ಹಿಂದಕ ಹೆಜ್ಜಿ ಇಟಗೋತ. ಅತ್ತಿ ಕೆಳಗ ದೋಣಿಗುಂಟ ನಡಕೋತ, "ಎಡಕ ತಡಾತು... ಹೂಂ... ಬಲಕ ಓಡಬ್ಯಾಡ... ಹೂಂ..." ಆಕಿ ಹೂಂ ಅಂದಾಗ ಒಂದು ಕೈಯಾಗ ರೋಲರ್ ಬಿಟ್ಟು ಸಾಣಿಗಿ ಎತ್ತಿ ತಟ್ಟೋದು, ಮತ್ತ ರೋಲರ್. ಮೊಣಕಾಲಿನ ಎತ್ತರದಿಂದ ತಟ್ಟಿದ್ರ ಸಕ್ರಿ ಮಳಿ ಹನಿಯಂಗ ಸಮ ಬೀಳತಿತ್ತು. ನಡುವ ನನಗ ಕೆಮ್ಮು ಬಂತು. ದೇವ್ರಾಣಿ, ನಿಲ್ಲಲಿಲ್ಲ, ಕೆಮ್ಮಿಕೋತನ ಹೆಜ್ಜಿ ಇಟ್ಟೆ. ಹತ್ತೂಕಾಲಿಗೆ ಹಿಂದಿನ ತುದಿಗೆ ಬಂದು ಏಣಿ ಇಳದ್ವಿ. ಡೆಕ್ಕು ಪೂರಾ ಬೆಳ್ಳಗ, ಫಳಫಳ ಹೊಳೀತಿತ್ತು.

ಒಂದು ಹಗಲು ಒಂದು ರಾತ್ರಿ ಬಣ್ಣಾ ಗಟ್ಟಿಯಾಗಬೇಕು, ಅಲ್ಲೀತನಕ ಸಕ್ರಿ ಮುಟ್ಟಂಗಿಲ್ಲ. ಹೊಳಿ ದಂಡಿ, ಬಯಲು, ಹದಿನೈದು ಕಿಲೋ ಸಕ್ರಿ ತೆರದಿಟ್ರ ಏನಾಕ್ಕೈತಿ? ಊಟಕ್ಕ ಕುಂತಾಗ ನೆನಪಾತು: ಇರಿವಿ! ಓಡಿ ಬಂದ್ರ ಸ್ಟ್ಯಾಂಡಿನ ಕಾಲಿಗೆ ಕರೀ ಗೆರಿ ಹತ್ತಾಕತ್ತಿತ್ತು. ಅತ್ತಿ ತುಪ್ಪದ ಗಡಿಗಿ ಕಾಯೋ ಉಪಾಯನ ಮಾಡಿದ್ರು: ಊರಾಗಿಂದ ಗೌಂಡಿಯವ್ರ ಕಬ್ಬಿಣದ ಬುಟ್ಟಿ ಇಸಗೊಂಡು ಬಂದು, ಜಾಕ್ ಹಚ್ಚಿ ಒಂದೊಂದ ಸ್ಟ್ಯಾಂಡ್ ಎತ್ತಿ, ಆರಕ್ಕೂ ಬುಡಕ್ಕ ನೀರು ತುಂಬಿದ ಬುಟ್ಟಿ. ಹಿಂಗ ಆರು ಬುಟ್ಟ್ಯಾಗ ಕಾಲಿಟ್ಟು ನಿಂತ ದೋಣಿ ನೋಡಿ ಊರ ಮಂದಿ ಬಿದ್ದು ಬಿದ್ದು ನಕ್ಕರು. ಆದ್ರೂ ಸಂಜಿಮುಂದ ಮತ್ತ ಇರಿವಿ. ಎಲ್ಲಿಂದ? ಹುಡುಕಿ ಹುಡುಕಿ ಸಾಕಾಗಿ ಮ್ಯಾಲ ನೋಡಿದ್ರ, ಚಪ್ಪರದ ಹಗ್ಗದ ಮ್ಯಾಲ ಬೇವಿನ ಗಿಡದಿಂದ ಮೆರವಣಿಗಿ ಹೊಂಟಿತ್ತು. ಹಗ್ಗಕ್ಕ ಸೀಮೆಎಣ್ಣಿ ಅರಿವಿ ಸುತ್ತಿದ್ವಿ. ಆಗ ನಿಂತಿತು.

ಮುಂಜಾನೆ ಕೊಡಗಟ್ಟಲೆ ನೀರು ಸುರದ್ವಿ. ಸಿಹಿ ನೀರು ಅಂಚಿಗುಂಟ ಇಳದು ನೆಲಾ ಅಂಟಂಟಾತು. ನಾ ಮದಲ ಅಂಗೈ ಇಟ್ಟು ನೋಡಿದೆ, ಆಮ್ಯಾಲ ಮೊಣಕಾಲೂರಿ ತಿಕ್ಕಿದೆ, ಆಮ್ಯಾಲ ಗಲ್ಲಾನೂ ಒತ್ತಿದೆ. ನೆಲದ ತುಂಬ ಸಣ್ಣ ಸಣ್ಣ ಕುಣಿ, ಅಂಚೆಲ್ಲಾ ದುಂಡಗ. ಎಲ್ಲೂ ಪಟ್ಟಿ ಇಲ್ಲ. ಹಾಯಿ ಅರಿವಿ ಎಳದು ಅತ್ತಿ ಕೈಗೆ ಕೊಟ್ಟೆ. ಬಿಸಲಿಗೆ ಹಿಡದು, ಹೆಬ್ಬಟ್ಟಿಲೆ ಸವರಿ, "ನೂಲು ಎದ್ದಿಲ್ಲ" ಅಂದ್ರು. ನನ್ನ ಮದಿವಿ ಆದಾಗಿಂದ ಇಷ್ಟು ಹೊಗಳಿದ್ದು ಇದ ಮೊದಲು. ಒಣಗಿದ ಮ್ಯಾಲ ಕಾಲು ಸುಡಬಾರದಂತ ತಿಳಿ ಹಾಲಬಣ್ಣದ ತೆಳ್ಳನ ಕೋಟ್ ಒಂದು ಎಳದು, ಸಾಮಾನೆಲ್ಲಾ ನಂಬರಿನ ಪ್ರಕಾರ ತಿರುಗಿ ಕುಂದರಿಸಿದ್ವಿ.

ಹದಿನೈದನೇ ದಿನ ಟ್ರ್ಯಾಕ್ಟರಿಲೆ ದೋಣಿ ನೀರಿಗಿಳಿಸಿ ಕಟ್ಟಿದ್ವಿ. ಸಾಹೇಬ್ರು ಬಂದ್ರು. ಮದಲ ಜಾರಿದ್ದು ಮರತಿರಲಿಲ್ಲ ಅವ್ರು. ಎರಡು ಬಕೆಟ್ ನೀರು ಹೊಡಿಸಿ, ದಂಡಿ ಮ್ಯಾಲಿಂದಾನ "ಯಾರಾರ ಬರಿಗಾಲಿಲೆ ನಡೀರಿ, ನೋಡ್ತೇನಿ" ಅಂದ್ರು. ನಾ ಹೊಂಟೆ. "ನೀವ್ ಬ್ಯಾಡ್ರಿ, ನೀವ್ ಮಾಡಿದವ್ರು. ಸಂಭಾಳಿಸಿಕೋತ ನಡೀತೀರಿ."

ನಮ್ಮತ್ತಿ ಅಲ್ಲೀತನಕ ಸತ್ರೂ ದೋಣಿ ಹತ್ತಂಗಿಲ್ಲ ಅಂತಿದ್ದಾಕಿ. ನೀರು ಕಂಡ್ರ ಅಂಜಿಕಿ. ಸಾಹೇಬ್ರ ಮಾತು ಕೇಳಿ ಸೀರಿ ಮ್ಯಾಲಕ ಸಿಗಿಸಿ, "ನಮ್ಮ ಸೊಸಿ ಮಾಡಿದ ನೆಲದ ಮ್ಯಾಲ ಸಂಶೇ ಏನ್ರಿ ನಿಮಗ?" ಅಂತ ಹತ್ತೇಬಿಟ್ರು. ಹಸೀ ಡೆಕ್ಕಿನ ಮ್ಯಾಲ, ಹಿಂದಿನಿಂದ ಮುಂದಕ, ಮುಂದಿನಿಂದ ಹಿಂದಕ, ಹಾಸಿಗುಂಟ ನಡದಂಗ ಒಂದ ಸಮ ನಡದ್ರು. ನನ್ನ ಕಣ್ಣಾಗ ನೀರು ಬಂದ್ವು. ಸೊಸಿ ಅಂತ ಹೊರಗಿನವ್ರ ಮುಂದ ಅಷ್ಟು ಜೋರಾಗಿ ಅಂದಿದ್ದು ಕೇಳಿರಲಿಲ್ಲ ನಾ.

ಸಾಹೇಬ್ರು ತಾವೂ ಹತ್ತಿ, ಬೂಟಿಲೆ ನಡದು, ಬಗ್ಗಿ ಕೈ ಆಡಿಸಿದ್ರು. "ಏನ್ ಹಾಕೀರಿದಕ್ಕ?"

"ಸಕ್ರಿ ರೀ."

"ಚಾಷ್ಟಿ ಮಾಡಬ್ಯಾಡ್ರಿ."

"ಖರೇನ ರೀ. ಈಗಿಲ್ಲ, ತೊಳದೇವಿ."

ಅವ್ರು ಇನ್ನೊಮ್ಮೆ ನೆಲಾ ನೋಡಿದ್ರು, ನನ್ನ ನೋಡಿದ್ರು. ನೀರಾಗ ಒಂದು ಸುತ್ತು ಹೊಡದು ತೋರಸ್ರಿ, ಸಹಿ ಹಾಕ್ತೇನಿ ಅಂದ್ರು.

ಹೊಂಟ್ವಿ, ಸಾಹೇಬ್ರೂ ಕೂಡೆ. ಅತ್ತಿ ಇಳೀಲಿಲ್ಲ, ಹಾಯಿ ಕಟ್ಟೋ ಕಂಬಾ ತಬ್ಬಿಕೊಂಡು ಕುಂತ್ರು. ನಡು ನೀರಿಗೆ ಹೋಗೂದ್ರೊಳಗ ಗಾಳಿ ತುಂಬಿ ದೋಣಿ ಒಂದು ಮಗ್ಗಲಾತು. ಡೆಕ್ಕಿನ ಮ್ಯಾಲ ನೀರು ಸಿಡೀತು. ಮುಂದಿನ ಸಣ್ಣ ಹಾಯಿಯ ಹಗ್ಗಾ ಸಿಕ್ಕಿಹಾಕ್ಕೊಂಡು ಪಟಪಟ ಬಡಿಯಾಕತ್ತಿತು. ಯಾರಾರ ಮೂತಿಗೆ ಹೋಗಬೇಕಿತ್ತು. ಕಾಕಾ ಚುಕ್ಕಾಣಿ ನಮ್ಮನಿಯವ್ರ ಕೈಗೆ ಕೊಟ್ಟು, "ಹಿಂಗ ಹಿಡೀರಿ, ಅಲಗಾಡಿಸಬ್ಯಾಡ್ರಿ" ಅಂದ್ರು. ರೂಢಿ ಪ್ರಕಾರ ಕುಂದ್ರಾಕ ಬಗ್ಗಿದ್ರು. ಅರ್ಧಕ್ಕ ನಿಂತು, ಬಲಗಾಲು ಡೆಕ್ಕಿನ ಮ್ಯಾಲ ಒತ್ತಿ ನೋಡಿದ್ರು. ಆಮ್ಯಾಲ ಎಡಗಾಲು. ನೆಟ್ಟಗ ಎದ್ದು ನಿಂತ್ರು.

ಬರಿಗಾಲು, ಹಸೀ ನೆಲ, ಓರೆಯಾದ ದೋಣಿ. ಕಾಕಾ ಎಲ್ಲೂ ಹಿಡಕೊಳ್ಳದ, ಕುಂಟಕೋತನ, ನಡಕೋತ ಮೂತಿತನಕ ಹೋಗಿ, ಹಗ್ಗಾ ಬಿಡಿಸಿ, ಅಲ್ಲೇ ನಿಂತು ನಮ್ಮ ಕಡಿ ತಿರುಗಿದ್ರು. ಮೈಯೆಲ್ಲಾ ತೊಯ್ದಿತ್ತು. ಎರಡೂ ಕೈ ಮ್ಯಾಲೆತ್ತಿ ನಕ್ಕರು. ನಾ ಹೋ ಅಂತ ಒದರಿದೆ. ಸಾಹೇಬ್ರು ಸೈತ ಚಪ್ಪಾಳಿ ತಟ್ಟಿದ್ರು.

ದಂಡಿ ಕಾಣೋ ಹೊತ್ತಿಗೆ ಕಾಕಾನ ಫೋನು ರಿಂಗಾತು. ಹೋಟೆಲ್ಲಿನವ್ರು. ಕಾಕಾ ಮೂತಿಯೊಳಗ ನಿಂತಕೊಂಡ, "ಗಿಡಾ ಹಚ್ಚಾಕ ಒಂದು ಹಳೇ ಬಾನಿ ನೋಡ್ರಿ ಸಾಹುಕಾರ್ರ, ಈ ದೋಣಿ ಖಾಲಿ ಇಲ್ಲ" ಅಂದು ಫೋನ್ ಇಟ್ರು. ನಮ್ಮನಿಯವ್ರು ದಂಡಿ ಕಡಿ ಚುಕ್ಕಾಣಿ ಹೊರಳಸಾಕ ಹೋದ್ರು.

ಕಂಬಾ ತಬ್ಬಿದ್ದ ನಮ್ಮತ್ತಿ ಒಂದ್ ಕೈ ಬಿಟ್ಟು ಬೈದ್ರು: "ಏ, ಯಾಕ್ ಹೊರಳಸ್ತಿ? ನಡುವ ನಿಲ್ಲಬ್ಯಾಡ ಅಂತ ಹೇಳಿಲ್ಲೇನು? ಇನ್ನೊಂದ್ ಸುತ್ತು ಹೋಗೂಣು ನಡಿ."